ಜ್ವರ, ಹಾವು ಕಡಿತ, ಬಾಣಂತನ: ಬಗೆಬಗೆಯ ವೈದ್ಯಕೀಯ ದಾಖಲೆಗೆ ಟೇಬಲ್ ಹಾಕುವುದು ಹೇಗೆ

ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯ ಆಸ್ಪತ್ರೆಗೆ ಜನವರಿಯಲ್ಲಿ ಒಬ್ಬರು ಜ್ವರ ಅಂತ ಬಂದರೆ ಬರೆದುಕೊಳ್ಳಬೇಕಾದ್ದು ಎಷ್ಟು ಬಗೆ ನೋಡಿ. ಉಷ್ಣಾಂಶ ಒಂದು ಸಂಖ್ಯೆ. ಡೆಂಗಿಯ ಎನ್‌ಎಸ್1 ಪರೀಕ್ಷೆ ಪಾಸಿಟಿವ್ ಅಥವಾ ನೆಗೆಟಿವ್. ಇಲಿಜ್ವರದ ಮ್ಯಾಟ್ ಪರೀಕ್ಷೆಯಲ್ಲಿ ‘1:200’ ಎಂಬ ಟೈಟರ್ (ರಕ್ತವನ್ನು ಎಷ್ಟು ಪಟ್ಟು ತೆಳುಮಾಡಿದರೂ ಪ್ರತಿಕಾಯ ಕಾಣುತ್ತದೆ ಎಂಬ ಅಳತೆ). ಮೂತ್ರದ ಪ್ರೋಟೀನ್ ‘2+’. ಉಣುಗು ಕಚ್ಚಿತ್ತೆ ಎಂದರೆ ‘ಗೊತ್ತಿಲ್ಲ’. ಎದೆಯ ಎಕ್ಸ್‌ರೇ ಒಂದು ಚಿತ್ರ, ವೈದ್ಯರ ಟಿಪ್ಪಣಿ ಅರ್ಧ ಪುಟ.

ಇದನ್ನೆಲ್ಲ ಡೇಟಾಬೇಸ್‌ಗೆ ಇಳಿಸಲು ಹೊರಟವರು ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ಕಾಗದದ ಫಾರಂನ ಒಂದೊಂದು ಪ್ರಶ್ನೆಗೂ ಒಂದೊಂದು ಕಾಲಂ ಮಾಡಿ 150 ಕಾಲಂಗಳ ಒಂದೇ ಟೇಬಲ್ ಕಟ್ಟುವವರು ಕೆಲವರು. ರೋಗಿ, ಪರೀಕ್ಷೆಯ ಹೆಸರು, ಮೌಲ್ಯ ಎಂಬ ಮೂರೇ ಕಾಲಂ ಇಟ್ಟು ಎಲ್ಲವನ್ನೂ ಪಠ್ಯವಾಗಿ ಸುರಿಯುವವರು ಇನ್ನು ಕೆಲವರು. ಮೊದಲನೆಯದು ಫಾರಂ ಬದಲಾದ ವರ್ಷ ಕೈಕೊಡುತ್ತದೆ, ಎರಡನೆಯದು ಯಾರಾದರೂ ಮೊದಲ ವರದಿ ಕೇಳಿದ ದಿನವೇ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ ಒಂದು ಟೇಬಲ್‌ಗೆ 1600 ಕಾಲಂವರೆಗೆ ಬಿಡುತ್ತದೆ, ಅಂಥದ್ದೇ ಆದ ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ (ಅದರಲ್ಲಿ ಮಾಹಿತಿ ಉಳಿಸುವ ಭಾಗ) 1017ರವರೆಗೆ. ಬಿಡುತ್ತದೆ ಅಂತ ಅಲ್ಲಿಯವರೆಗೆ ಹೋಗಬೇಕಾಗಿಲ್ಲ.

ಫಾರಂ ಪಕ್ಕಕ್ಕಿಡಿ, ಪ್ರಶ್ನೆ ಬರೆಯಿರಿ

ಟೇಬಲ್ ಗೀಚುವ ಮುಂಚೆ ಈ ಡೇಟಾಬೇಸ್‌ಗೆ ಯಾರು ಏನು ಕೇಳುತ್ತಾರೆ ಎಂದು ಹತ್ತು ಸಾಲು ಬರೆಯಿರಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯದೇ ಒಂದು ಪ್ರಶ್ನೆ ತೆಗೆದುಕೊಳ್ಳಿ: ‘ಐಜಿಎಂ ನೆಗೆಟಿವ್ ಬಂದವರಲ್ಲಿ ಎಷ್ಟು ಮಂದಿಯ ರಕ್ತ ಜ್ವರ ಶುರುವಾದ ಮೊದಲ ನಾಲ್ಕು ದಿನದೊಳಗೆ ತೆಗೆದದ್ದು?’ ವೈರಸ್ ರಕ್ತದಲ್ಲಿ ಸಿಗುವುದು ಜ್ವರದ ಆರಂಭದ ದಿನಗಳಲ್ಲಿ. ಆಗ ಕೈಹಿಡಿಯುವುದು ವೈರಸ್‌ನ ವಂಶವಾಹಿಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆ. ಸೋಂಕಿಗೆ ಎದುರಾಗಿ ದೇಹ ಹುಟ್ಟಿಸುವ ಐಜಿಎಂ ಪ್ರತಿಕಾಯ ಏಳುವುದು ಆಮೇಲೆ. ಹಾಗಾಗಿ ಬೇಗ ತೆಗೆದ ರಕ್ತದಲ್ಲಿ ಐಜಿಎಂ ನೆಗೆಟಿವ್ ಬಂದರೆ ಕಾಯಿಲೆ ಇಲ್ಲ ಎಂದು ಅರ್ಥವಲ್ಲ. ಈ ಒಂದು ಪ್ರಶ್ನೆಗೆ ಉತ್ತರ ಬೇಕಾದರೆ ಜ್ವರ ಶುರುವಾದ ದಿನ, ಸ್ಯಾಂಪಲ್ ತೆಗೆದ ದಿನ, ಪರೀಕ್ಷೆಯ ವಿಧಾನ, ಫಲಿತಾಂಶ ನಾಲ್ಕೂ ಬೇರೆಬೇರೆ ಜಾಗದಲ್ಲಿ ಇರಬೇಕು. ಓಪಿಡಿ ರಿಜಿಸ್ಟರ್‌ನಲ್ಲಿ ‘ದಿನಾಂಕ’ ಎಂದು ಒಂದೇ ಕಾಲಂ. ಅದನ್ನೇ ಹಾಗೇ ಕಂಪ್ಯೂಟರಿಗೆ ಇಳಿಸಿದರೆ ಉತ್ತರ ಎಂದಿಗೂ ಸಿಗುವುದಿಲ್ಲ.

ಪ್ರಶ್ನೆಗಳು ಕೈಯಲ್ಲಿದ್ದರೆ ಯಾವ ಮಾಹಿತಿ ಎಲ್ಲಿ ಕೂರಬೇಕು ಎಂಬುದು ಮುಕ್ಕಾಲು ಪಾಲು ತಾನೇ ತೀರ್ಮಾನವಾಗುತ್ತದೆ. ಪ್ರತಿಯೊಬ್ಬರಿಗೂ ಒಂದೇ ಸಲ ಬರುವುದು, ಖಾಲಿ ಬಿಡಬಾರದ್ದು (ಲಿಂಗ, ಹುಟ್ಟಿದ ವರ್ಷ, ಊರು) ಕಾಲಂ ಆಗಲಿ. ಮತ್ತೆಮತ್ತೆ ಅಳೆಯುವುದು, ಇವತ್ತು ಇದ್ದು ನಾಳೆ ಪಟ್ಟಿಗೆ ಹೊಸದು ಸೇರುವಂಥದ್ದು (ಲ್ಯಾಬ್ ಪರೀಕ್ಷೆ, ರೋಗಲಕ್ಷಣ, ಬಿಪಿ) ಸಾಲು ಆಗಲಿ. ತನ್ನದೇ ನಿಯಮ ಇರುವ ವಿಷಯಕ್ಕೆ ತನ್ನದೇ ಟೇಬಲ್: ಗರ್ಭಿಣಿಯ ದಾಖಲೆಯಲ್ಲಿ ಎಷ್ಟನೇ ಬಸಿರು, ಕೊನೆಯ ಮುಟ್ಟಿನ ದಿನ, ತಾಯಿ ಕಾರ್ಡ್ ಸಂಖ್ಯೆ ಎಲ್ಲರಿಗೂ ಒಂದೇ ರೂಪದಲ್ಲಿ ಇರುತ್ತವೆ, ಅವನ್ನು ಸಾಲುಸಾಲಾಗಿ ಒಡೆದು ಲಾಭವಿಲ್ಲ. ಯಾರೂ ಹುಡುಕದ, ಆದರೆ ಎಸೆಯಬಾರದ ಮಾಹಿತಿ, ಉದಾಹರಣೆಗೆ ಸೆಲ್ ಕೌಂಟರ್ ಯಂತ್ರ ಉಗುಳುವ ಪೂರ್ತಿ ಔಟ್‌ಪುಟ್, ಒಂದು ಜೇಸನ್ ಕಾಲಂನಲ್ಲಿ (ಹೆಸರು-ಮೌಲ್ಯದ ಜೋಡಿಗಳನ್ನು ಹೇಗೆ ಬೇಕಾದರೂ ತುಂಬಬಹುದಾದ ಪಠ್ಯ) ಬಿದ್ದಿರಲಿ. ಜೇಸನ್‌ನಲ್ಲೇ ಎಲ್ಲ ಇಡೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಆರು ತಿಂಗಳಲ್ಲಿ ಅದೇ ಪ್ಲೇಟ್‌ಲೆಟ್ ಒಂದು ಕಡೆ ‘ಪಿಎಲ್‌ಟಿ’, ಇನ್ನೊಂದು ಕಡೆ ‘ಪ್ಲೇಟ್ಲೆಟ್’, ಮತ್ತೊಂದು ಕಡೆ ‘ಪ್ಲೇಟ್‌ಲೆಟ್ಸ್’ ಆಗಿರುತ್ತದೆ, ತಡೆಯುವವರು ಯಾರೂ ಇರುವುದಿಲ್ಲ.

ರೋಗಿ ಮತ್ತು ಗುರುತಿನ ಸಂಖ್ಯೆಗಳು

ರೋಗಿ ಟೇಬಲ್‌ನ ಪ್ರೈಮರಿ ಕೀ (ಒಂದೊಂದು ಸಾಲನ್ನೂ ಗುರುತಿಸುವ ಕಾಲಂ) ನೀವೇ ಹುಟ್ಟಿಸಿದ, ಅರ್ಥವಿಲ್ಲದ ಐಡಿ ಆಗಿರಲಿ. ಮೊಬೈಲ್ ನಂಬರ್ ಬೇಡ. ಒಂದು ಮನೆಗೆ ಒಂದೇ ಫೋನ್ ಇರುವುದು ಹಳ್ಳಿಯಲ್ಲಿ ಮಾಮೂಲು, ಮಗನ ನಂಬರನ್ನು ಅಮ್ಮ, ಅಜ್ಜ, ಸೊಸೆ ಎಲ್ಲರೂ ಕೊಡುತ್ತಾರೆ. ಆಧಾರ್ ಸಂಖ್ಯೆಯಂತೂ ಬೇಡವೇ ಬೇಡ. ಸರ್ಕಾರದ ಆರೋಗ್ಯ ಖಾತೆಯ ಆಭಾ ಸಂಖ್ಯೆ 14 ಅಂಕಿಯದ್ದು, ಎಲ್ಲರ ಬಳಿ ಇರುವುದಿಲ್ಲ. ಇದ್ದಾಗ ಅದನ್ನು ಪಠ್ಯವಾಗಿ ಇಡಿ, ಸಂಖ್ಯೆಯಾಗಿ ಅಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗಕ್ಕೆ ಹೋದ ಒಬ್ಬರೇ ವ್ಯಕ್ತಿಗೆ ಮೂರು ಚೀಟಿ, ಮೂರು ನಂಬರ್. ಅದಕ್ಕೆ ‘ಗುರುತು’ ಎಂಬ ಬೇರೆ ಟೇಬಲ್ ಬೇಕು: ರೋಗಿ ಐಡಿ, ಕೊಟ್ಟವರು, ಬಗೆ, ಸಂಖ್ಯೆ. ಕೊಟ್ಟವರು, ಬಗೆ, ಸಂಖ್ಯೆ ಈ ಮೂರೂ ಸೇರಿ ಯುನೀಕ್, ಅಂದರೆ ಅದೇ ಜೋಡಣೆ ಎರಡನೇ ಸಲ ಬರುವಂತಿಲ್ಲ. ಒಬ್ಬರೇ ಎರಡು ಸಲ ನೋಂದಣಿ ಆಗಿದ್ದಾರೆ ಎಂದು ತಿಳಿದರೆ ಒಂದು ಸಾಲನ್ನು ಅಳಿಸಬೇಡಿ. ‘ಯಾರಲ್ಲಿ ವಿಲೀನ’ ಎಂಬ ಕಾಲಂನಲ್ಲಿ ಉಳಿದ ಐಡಿ ಬರೆಯಿರಿ. ಹದಿನೈದು ದಿನ ಬಿಟ್ಟು ಹಳೆಯ ನಂಬರ್ ಹೊತ್ತ ಲ್ಯಾಬ್ ವರದಿ ಬಂದೇ ಬರುತ್ತದೆ.

ವಯಸ್ಸು ಕಾಲಂ ಇಡಬಾರದು, ಹುಟ್ಟಿದ ದಿನ ಇಡಬೇಕು. ಅದು ಎಲ್ಲರಿಗೂ ಗೊತ್ತು. ಆದರೆ ‘ಸುಮಾರು ಅರವತ್ತು’ ಎಂದು ಹೇಳುವ ಅಜ್ಜಿಗೆ ಜನವರಿ 1 ಎಂದು ಹಾಕಿ ಸುಮ್ಮನಾದರೆ ವರದಿಯಲ್ಲಿ ಹಳ್ಳಿಯ ಅರ್ಧ ಜನ ಹೊಸವರ್ಷದ ದಿನ ಹುಟ್ಟಿರುತ್ತಾರೆ. ಪಕ್ಕದಲ್ಲೇ ‘ನಿಖರತೆ’ ಕಾಲಂ ಇಡಿ: ದಿನ, ತಿಂಗಳು, ವರ್ಷ, ಅಂದಾಜು.

ಹೆಸರಿನ ವಿಷಯದಲ್ಲಿ ಕನ್ನಡಕ್ಕೇ ಅಂಟಿದ ಒಂದು ತೊಡಕು ಇದೆ. ‘ಕೊ’ ಎಂಬ ಅಕ್ಷರವನ್ನು ಯುನಿಕೋಡ್‌ನಲ್ಲಿ ಕ ಜೊತೆ ಒಂದೇ ಒತ್ವದ ಚಿಹ್ನೆಯಾಗಿಯೂ, ಕ ಜೊತೆ ಎತ್ವ ಮತ್ತು ಊತ್ವದ ಎರಡು ಚಿಹ್ನೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸ್‌ಗೆ ಬೇರೆಬೇರೆ. ಹಾಗಾಗಿ ‘ಕೊಟ್ರಪ್ಪ’ ಎಂದು ಹುಡುಕಿದರೆ ಇದ್ದ ಕೊಟ್ರಪ್ಪನವರೂ ಸಿಗುವುದಿಲ್ಲ. ಒಳಗೆ ಬರುವ ಪ್ರತಿ ಹೆಸರನ್ನೂ ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿ ಚಿಹ್ನೆಗಳನ್ನು ಒಂದೇ ಮಾಡುವ ಯುನಿಕೋಡ್ ಮಾನಕ) ತಂದೇ ಉಳಿಸಿ. ಪೋಸ್ಟ್‌ಗ್ರೆಸ್ 13ರಿಂದ ಅದಕ್ಕೆ ಫಂಕ್ಷನ್ ಒಳಗೇ ಇದೆ. ನುಡಿ, ಬರಹದ ಹಳೆಯ ಫಾಂಟ್ ಎನ್‌ಕೋಡಿಂಗ್‌ನಲ್ಲಿ ತುಂಬಿದ ಎಕ್ಸೆಲ್ ಹಾಳೆಗಳನ್ನು ನೇರ ಇಂಪೋರ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಸಿಗುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಇಪ್ಪತ್ತು ಹೆಸರು ಕಣ್ಣಲ್ಲಿ ನೋಡಿ, ಆಮೇಲೆ ಒಳಗೆ ಬಿಡಿ. ಮೈಎಸ್‌ಕ್ಯೂಎಲ್ ಆದರೆ ಟೇಬಲ್ ಮಾತ್ರವಲ್ಲ, ಕನೆಕ್ಷನ್ ಕೂಡ ಯುಟಿಎಫ್8-ಎಂಬಿ4 ಎಂಬ ಯುನಿಕೋಡ್ ಎನ್‌ಕೋಡಿಂಗ್‌ನಲ್ಲಿ ಇರಬೇಕು. ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಉಳಿಯುತ್ತದೆ, ಮೂಲ ಅಕ್ಷರ ವಾಪಸ್ ಬರುವುದಿಲ್ಲ.

ವಿಳಾಸವನ್ನು ಊರಿನ ಕೋಡ್ ಮತ್ತು ಮನೆಯ ವಿವರ ಎಂದು ಎರಡು ಭಾಗ ಮಾಡಿ. ಒಂದೇ ಹೆಸರಿನ ಹಳ್ಳಿ ಎರಡು ಹೋಬಳಿಯಲ್ಲಿ ಇರುವುದುಂಟು, ಆದ್ದರಿಂದ ಕೇಂದ್ರ ಸರ್ಕಾರದ ಸ್ಥಳೀಯ ಆಡಳಿತ ಡೈರೆಕ್ಟರಿಯ ಗ್ರಾಮ ಕೋಡ್ ಬಳಸಿ. ಮಜರೆ, ಎಸ್ಟೇಟ್ ಲೈನು, ಒಂಟಿಮನೆಯ ಹೆಸರು ಪಠ್ಯವಾಗಿ ಇರಲಿ. ಇನ್ನೊಂದು: ಮಂಗನ ಕಾಯಿಲೆಯಲ್ಲಿ ರೋಗಿ ಮಲಗುವ ಮನೆಗಿಂತ ಸೊಪ್ಪಿಗೆ, ದರಕಿಗೆ ಹೋದ ಕಾಡು ಮುಖ್ಯ. ‘ಸಂಪರ್ಕ ಸ್ಥಳ’ಕ್ಕೆ ಬೇರೆ ಟೇಬಲ್ ಮಾಡಿ. ಮಂಗ ಸತ್ತ ಜಾಗದ ದಾಖಲೆಯೂ ಅದೇ ಸ್ಥಳಪಟ್ಟಿಯನ್ನು ಬಳಸಿದರೆ ಎರಡನ್ನೂ ಒಂದೇ ನಕ್ಷೆಯಲ್ಲಿ ಇಟ್ಟು ನೋಡಬಹುದು.

ಭೇಟಿಯ ಮೇಲೊಂದು ‘ಕಾಯಿಲೆ’ ಟೇಬಲ್

ರೋಗಿ, ಅದರ ಕೆಳಗೆ ಭೇಟಿ ಎಂದು ಎರಡೇ ಹಂತ ಮಾಡಿ ನಿಲ್ಲಿಸುವುದು ಬಹಳ ಕಡೆ ಕಾಣುವ ವಿನ್ಯಾಸ. ಮಂಗನ ಕಾಯಿಲೆ ಇದನ್ನು ಸೀಳಿಹಾಕುತ್ತದೆ. ಮೊದಲ ಜ್ವರ ಇಳಿದು, ಚೇತರಿಸಿಕೊಂಡಂತೆ ಕಂಡು, ಮೂರನೇ ವಾರದ ಹೊತ್ತಿಗೆ ನೂರಕ್ಕೆ 10ರಿಂದ 20 ಮಂದಿಗೆ ಜ್ವರ ಮರುಕಳಿಸಿ ತಲೆನೋವು, ನಡುಕ, ಕಣ್ಣು ಮಂಜಾಗುವಂಥ ನರಸಂಬಂಧಿ ಲಕ್ಷಣ ಬರಬಹುದು. ಎರಡು ಭೇಟಿ, ಪ್ರಾಯಶಃ ಎರಡು ಆಸ್ಪತ್ರೆ, ಆದರೆ ಕಾಯಿಲೆ ಒಂದೇ. ಭೇಟಿಗಳನ್ನು ಎಣಿಸುವ ವರದಿ ಇವರನ್ನು ಇಬ್ಬರೆಂದು ಲೆಕ್ಕ ಹಾಕುತ್ತದೆ.

‘ಕಾಯಿಲೆ’ ಟೇಬಲ್‌ನಲ್ಲಿ ರೋಗಿ ಐಡಿ, ಲಕ್ಷಣ ಶುರುವಾದ ದಿನ, ಆ ದಿನದ ನಿಖರತೆ, ಮುಗಿದ ದಿನ, ಹೇಗೆ ಮುಗಿಯಿತು ಇಷ್ಟಿದ್ದರೆ ಸಾಕು. ಪ್ರತಿ ಭೇಟಿಯೂ ಒಂದು ಕಾಯಿಲೆಗೆ ಸೇರಲಿ. ‘ಜ್ವರದ ಎಷ್ಟನೇ ದಿನ’ ಎಂಬುದನ್ನು ಎಲ್ಲಿಯೂ ಉಳಿಸಬೇಡಿ, ಸ್ಯಾಂಪಲ್ ದಿನದಿಂದ ಶುರುವಾದ ದಿನ ಕಳೆದು ಬೇಕಾದಾಗ ಲೆಕ್ಕ ಹಾಕಿ. ಉಳಿಸಿದರೆ, ಮಾರನೇ ದಿನ ರೋಗಿಯ ಹೆಂಡತಿ ಬಂದು ‘ಇಲ್ಲ ಸಾರ್, ಸೋಮವಾರದಿಂದಲೇ ಇತ್ತು’ ಎಂದಾಗ ಶುರುವಾದ ದಿನ ತಿದ್ದುತ್ತೀರಿ, ಲೆಕ್ಕ ಹಾಕಿಟ್ಟದ್ದು ಹಳೆಯದೇ ಉಳಿಯುತ್ತದೆ.

ರೋಗನಿರ್ಣಯವೂ ಸಾಲಾಗಲಿ, ಕಾಯಿಲೆ ಟೇಬಲ್‌ನ ಒಂದು ಕಾಲಂ ಆಗದಿರಲಿ. ಮೊದಲ ದಿನ ಶಂಕಿತ ಡೆಂಗಿ, ನಾಲ್ಕನೇ ದಿನ ಶಂಕಿತ ಇಲಿಜ್ವರ, ಹತ್ತನೇ ದಿನ ಖಚಿತ ಮಂಗನ ಕಾಯಿಲೆ: ಮೂರೂ ಸಾಲು, ಮೂರಕ್ಕೂ ದಿನಾಂಕ, ಸ್ಥಿತಿ, ಬರೆದವರು. ಕೋಡ್ ಜೊತೆ ಕೋಡ್‌ಪಟ್ಟಿಯ ಆವೃತ್ತಿಯೂ ಬೇಕು. ಕಾಯಿಲೆಗಳ ಜಾಗತಿಕ ಕೋಡ್‌ಪಟ್ಟಿ ಐಸಿಡಿ-10ರಲ್ಲಿ ಮಂಗನ ಕಾಯಿಲೆಗೆ ಎ98.2 ಇದೆ, ಸ್ಕ್ರಬ್ ಟೈಫಸ್‌ಗೆ ಎ75.3. ಡೆಂಗಿ ಮಾತ್ರ ಹಳೆಯ ಆವೃತ್ತಿಯಲ್ಲಿ ಎ90, ವಿಶ್ವ ಆರೋಗ್ಯ ಸಂಸ್ಥೆಯ 2016ರ ಆವೃತ್ತಿಯಿಂದ ಎ97. ಆವೃತ್ತಿ ಬರೆಯದಿದ್ದರೆ ಡೆಂಗಿ ಎಣಿಕೆ ಒಂದು ವರ್ಷ ಇದ್ದಕ್ಕಿದ್ದಂತೆ ಸೊನ್ನೆಯಾಗುತ್ತದೆ.

ನಿಘಂಟು ಮತ್ತು ಫಲಿತಾಂಶ

ಇಡೀ ವಿನ್ಯಾಸದ ಭಾರ ಹೊರುವುದು ಈ ಎರಡು ಟೇಬಲ್. ಓಪನ್‌ಎಂಆರ್‌ಎಸ್ ಎಂಬ ಮುಕ್ತ ತಂತ್ರಾಂಶವೂ ಇದೇ ಬಗೆಯಲ್ಲಿ ಕಟ್ಟಿದ್ದು, ಅದರ ಟೇಬಲ್‌ಗಳನ್ನು ತೆರೆದು ನೋಡುವುದು ಒಳ್ಳೆಯ ಪಾಠ.

‘ನಿಘಂಟು’ ಟೇಬಲ್‌ನಲ್ಲಿ ಒಂದೊಂದು ಅಳತೆಗೂ ಒಂದೊಂದು ಸಾಲು: ಐಡಿ, ಕನ್ನಡ ಹೆಸರು, ಇಂಗ್ಲಿಷ್ ಹೆಸರು, ಮೌಲ್ಯದ ಬಗೆ (ಸಂಖ್ಯೆ, ಆಯ್ಕೆ, ಟೈಟರ್, ಪಠ್ಯ, ದಿನಾಂಕ), ಮಾನಕ ಯೂನಿಟ್, ಸಂಭವನೀಯ ಕನಿಷ್ಠ ಮತ್ತು ಗರಿಷ್ಠ, ಲೋಯಿಂಕ್ ಕೋಡ್ (ಪರೀಕ್ಷೆ, ಅಳತೆಗಳಿಗೆ ಇರುವ ಜಾಗತಿಕ ಕೋಡ್), ಬಳಕೆ ನಿಂತ ದಿನ. ರಕ್ತದ ಹಿಮೋಗ್ಲೋಬಿನ್‌ಗೆ ಲೋಯಿಂಕ್ 718-7, ಯಂತ್ರದಲ್ಲಿ ಎಣಿಸಿದ ಪ್ಲೇಟ್‌ಲೆಟ್‌ಗೆ 777-3, ದೇಹದ ಉಷ್ಣಾಂಶಕ್ಕೆ 8310-5. ಬಿಪಿಯನ್ನು ‘120/80’ ಎಂದು ಪಠ್ಯವಾಗಿ ಇಡಬೇಡಿ. ಮೇಲಿನದು 8480-6, ಕೆಳಗಿನದು 8462-4, ಎರಡು ಸಾಲು, ಎರಡನ್ನೂ ಕಟ್ಟುವ ಒಂದು ಗುಂಪು ಐಡಿ. ಹೊಸ ಪರೀಕ್ಷೆ ಬಂದರೆ ಟೇಬಲ್ ಬದಲಾಗುವುದಿಲ್ಲ, ನಿಘಂಟಿಗೆ ಒಂದು ಸಾಲು ಸೇರುತ್ತದೆ. ಯಾರು ಸೇರಿಸಬಹುದು ಎಂಬುದನ್ನು ಮಾತ್ರ ಒಬ್ಬಿಬ್ಬರಿಗೆ ಸೀಮಿತ ಮಾಡಿ, ಇಲ್ಲದಿದ್ದರೆ ಜೇಸನ್‌ನ ಗತಿಯೇ ಇದಕ್ಕೂ.

‘ಫಲಿತಾಂಶ’ ಟೇಬಲ್‌ನಲ್ಲಿ ಭೇಟಿ, ಸ್ಯಾಂಪಲ್, ನಿಘಂಟು ಐಡಿ, ಅಳೆದ ಸಮಯ ಇರುತ್ತವೆ. ಮೌಲ್ಯಕ್ಕೆ ಬಗೆಗೊಂದು ಕಾಲಂ. ಅವುಗಳ ಜೊತೆ ‘ಖಾಲಿಗೆ ಕಾರಣ’ ಎಂಬ ಇನ್ನೊಂದು: ಮಾಡಿಲ್ಲ, ಸ್ಯಾಂಪಲ್ ಹಾಳು, ಕೇಳಿಲ್ಲ, ರೋಗಿಗೆ ಗೊತ್ತಿಲ್ಲ. ಇಷ್ಟರಲ್ಲಿ ಸರಿಯಾಗಿ ಒಂದೇ ತುಂಬಿರಬೇಕು ಎಂದು ಚೆಕ್ ನಿರ್ಬಂಧ (ಸಾಲು ಉಳಿಸುವ ಮುಂಚೆ ಡೇಟಾಬೇಸೇ ಪರೀಕ್ಷಿಸುವ ನಿಯಮ) ಹಾಕಿ. ಖಾಲಿಯಲ್ಲದ ಕಾಲಂ ಎಣಿಸುವ ಫಂಕ್ಷನ್ ಪೋಸ್ಟ್‌ಗ್ರೆಸ್‌ನಲ್ಲಿ ಇದೆ. ಮೈಎಸ್‌ಕ್ಯೂಎಲ್ 8.0.16ಕ್ಕಿಂತ ಹಳೆಯದಾದರೆ ಚೆಕ್ ಬರೆದರೂ ಅದು ಚಕಾರವೆತ್ತದೆ ನುಂಗಿಬಿಡುತ್ತದೆ, ಆವೃತ್ತಿ ನೋಡಿಕೊಳ್ಳಿ.

ಸಂಖ್ಯೆ ಬರಬೇಕಾದ ಕಡೆ ಪಠ್ಯ ಬಾರದಂತೆ ತಡೆಯಲು ಒಂದು ಉಪಾಯ. ನಿಘಂಟಿನಲ್ಲಿ ಐಡಿ ಮತ್ತು ಬಗೆ ಎರಡನ್ನೂ ಸೇರಿಸಿ ಯುನೀಕ್ ಮಾಡಿ. ಫಲಿತಾಂಶದಲ್ಲೂ ‘ಬಗೆ’ ಕಾಲಂ ಇಟ್ಟು, ಎರಡು ಕಾಲಂಗಳ ಜೋಡಿ ಫಾರಿನ್ ಕೀ ಹಾಕಿ, ಆಗ ನಿಘಂಟಿನಲ್ಲಿ ಇಲ್ಲದ ಜೋಡಿ ಇಲ್ಲಿ ಬರುವಂತಿಲ್ಲ. ಈಗ ‘ಬಗೆ ಸಂಖ್ಯೆಯಾದರೆ ಸಂಖ್ಯೆಯ ಕಾಲಂ ಅಥವಾ ಖಾಲಿಗೆ ಕಾರಣ ತುಂಬಿರಬೇಕು’ ಎಂಬ ನಿಯಮವನ್ನು ಅದೇ ಸಾಲಿನ ಮೇಲೆ ಹೇರಬಹುದು, ಟ್ರಿಗರ್ (ಸಾಲು ಬದಲಾದಾಗ ತಾನೇ ಓಡುವ ಕೋಡ್) ಬರೆಯುವ ಗೋಜಿಲ್ಲ.

ರೋಗಲಕ್ಷಣಗಳಲ್ಲಿ ‘ಇಲ್ಲ’ ಎಂಬುದನ್ನೂ ಸಾಲಾಗಿ ಬರೆಯಿಸಿ. ಉಣುಗು ಕಚ್ಚಿಲ್ಲ ಎಂದು ರೋಗಿ ಹೇಳಿದ್ದಕ್ಕೂ, ಗಡಿಬಿಡಿಯಲ್ಲಿ ಯಾರೂ ಕೇಳದೇ ಇದ್ದುದಕ್ಕೂ ಸಾಲೇ ಇಲ್ಲದ ಡೇಟಾಬೇಸ್‌ನಲ್ಲಿ ವ್ಯತ್ಯಾಸ ಉಳಿಯುವುದಿಲ್ಲ.

ಯೂನಿಟ್: ಪ್ಲೇಟ್‌ಲೆಟ್‌ನ ಲಕ್ಷ, ಸಾವಿರ

ನಮ್ಮ ಕಡೆಯ ಲ್ಯಾಬ್ ಚೀಟಿಗಳಲ್ಲಿ ಒಂದೇ ಪ್ಲೇಟ್‌ಲೆಟ್ ಎಣಿಕೆ ಮೂರು ವೇಷದಲ್ಲಿ ಬರುತ್ತದೆ: ಕೈಬರಹದಲ್ಲಿ ‘1.2’ (ಲಕ್ಷ), ಯಂತ್ರದ ಮುದ್ರಣದಲ್ಲಿ ‘120’ (ಸಾವಿರ), ಪೂರ್ತಿ ಬರೆದರೆ ‘1,20,000’. ಯೂನಿಟ್ ಕಾಲಂ ಇಲ್ಲದ ಟೇಬಲ್‌ನಲ್ಲಿ ಇವು ಮೂರು ಬೇರೆ ರೋಗಿಗಳಂತೆ ಕಾಣುತ್ತವೆ. ಕನಿಷ್ಠ-ಗರಿಷ್ಠ ಮಿತಿ ಹಾಕಿದರೆ ತಪ್ಪು ಸಿಕ್ಕಿಬೀಳುತ್ತದೆ ಎಂದು ನಂಬಬೇಡಿ. ಮಾನಕ ಯೂನಿಟ್ ಮೈಕ್ರೊಲೀಟರ್‌ಗೆ ಸಾವಿರ ಎಂದಿಟ್ಟು ಮಿತಿ 1ರಿಂದ 2000 ಮಾಡಿದರೆ ಲಕ್ಷದ ‘1.2’ ಆ ಮಿತಿಯೊಳಗೇ ಹಾಯಾಗಿ ಕೂರುತ್ತದೆ, 1,200 ಪ್ಲೇಟ್‌ಲೆಟ್ ಇರುವ ಸಾಯುವ ಸ್ಥಿತಿಯ ರೋಗಿಯಾಗಿ. ಉಷ್ಣಾಂಶಕ್ಕೆ ಮಾತ್ರ ಮಿತಿ ಕೆಲಸ ಮಾಡುತ್ತದೆ, ಏಕೆಂದರೆ 102 ಫ್ಯಾರನ್‌ಹೀಟ್ ಮತ್ತು 38.9 ಸೆಲ್ಸಿಯಸ್ ಒಂದರ ಸೀಮೆಗೆ ಇನ್ನೊಂದು ಬರುವುದೇ ಇಲ್ಲ.

ಆದ್ದರಿಂದ ನಮೂದಿಸುವಾಗಲೇ ಯೂನಿಟ್ ಕಡ್ಡಾಯ ಮಾಡಿ, ನಾಲ್ಕು ಕಾಲಂ ಇಡಿ: ಚೀಟಿಯಲ್ಲಿ ಇದ್ದ ಹಾಗೇ ಪಠ್ಯ, ಚೀಟಿಯ ಯೂನಿಟ್, ಮಾನಕಕ್ಕೆ ತಂದ ಸಂಖ್ಯೆ, ಹೋಲಿಕೆ ಚಿಹ್ನೆ. ಕೊನೆಯದು ‘0.5ಕ್ಕಿಂತ ಕಡಿಮೆ’ ಎಂಬಂಥ ಫಲಿತಾಂಶಕ್ಕೆ. ಅದನ್ನು ಸೊನ್ನೆ ಎಂದೋ 0.5 ಎಂದೋ ಬರೆದರೆ ಸರಾಸರಿ ಸುಳ್ಳಾಗುತ್ತದೆ. ಪರಿವರ್ತನೆಯ ಗುಣಕ ಬೇರೆ ಟೇಬಲ್‌ನಲ್ಲಿ, ಪರೀಕ್ಷೆವಾರು ಇರಲಿ. ಮಿಲಿಗ್ರಾಂ/ಡೆಸಿಲೀಟರ್‌ನಿಂದ ಮಿಲಿಮೋಲ್/ಲೀಟರ್‌ಗೆ ಗ್ಲೂಕೋಸ್ ಆದರೆ 18ರಿಂದ ಭಾಗಿಸಬೇಕು. ಕ್ರಿಯಾಟಿನಿನ್ ಮೈಕ್ರೊಮೋಲ್ ಆಗಬೇಕಾದರೆ 88.4ರಿಂದ ಗುಣಿಸಬೇಕು. ಯೂನಿಟ್‌ಗೊಂದೇ ಗುಣಕ ಎಂಬುದು ಇಲ್ಲ. ಸಂಖ್ಯೆಗೆ ದಶಮಾಂಶವನ್ನು ಇದ್ದ ಹಾಗೇ ಇಡುವ ನ್ಯೂಮರಿಕ್ ಬಗೆ ಬಳಸಿ, ಅಂದಾಜಿಗೆ ಇಳಿಸುವ ಫ್ಲೋಟ್ ಬೇಡ.

ಟೈಟರ್‌ನಲ್ಲಿ ‘1:200’ರ 200 ಮಾತ್ರ ಸಂಖ್ಯೆಯಾಗಿ ಉಳಿಸಿದರೆ ನಾಲ್ಕು ಪಟ್ಟು ಏರಿತೆ ಎಂದು ಕೇಳುವುದು ಸುಲಭ. ‘1+, 2+’ ಮತ್ತು ‘ಟ್ರೇಸ್’ ಆಯ್ಕೆಯ ಬಗೆಗೆ ಸೇರುತ್ತವೆ, ಆಯ್ಕೆಯ ಟೇಬಲ್‌ನಲ್ಲಿ ಕ್ರಮಸಂಖ್ಯೆ ಕೊಡಿ. ಸಾಮಾನ್ಯ ಮಿತಿಯನ್ನು (ಚೀಟಿಯ ಬಲಗಡೆ ಅಚ್ಚಾಗುವುದು) ಫಲಿತಾಂಶದ ಸಾಲಿನಲ್ಲೇ ನಕಲು ಮಾಡಿ ಇಡಿ. ವಯಸ್ಸು, ಲಿಂಗ, ಕಿಟ್ ಬದಲಾದಂತೆ ಅದು ಬದಲಾಗುತ್ತದೆ, ಹಳೆಯ ಫಲಿತಾಂಶವನ್ನು ಹೊಸ ಕಿಟ್‌ನ ಮಿತಿಗೆ ಹೋಲಿಸಬಾರದು.

ಸಮಯ

ಹಾವು ಕಡಿತದಲ್ಲಿ ಸಮಯವೇ ಚಿಕಿತ್ಸೆ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಪ್ರತಿವಿಷ ಕೊಟ್ಟ ಮೇಲೆ ಆರಾರು ಗಂಟೆಗೆ ಮತ್ತೆ ಮಾಡುತ್ತಾರೆ. ಫಾರಂನಲ್ಲಿ ‘ಟೆಸ್ಟ್ 1, ಟೆಸ್ಟ್ 2, ಟೆಸ್ಟ್ 3’ ಎಂದು ಮೂರು ಕಾಲಂ ಇರುತ್ತದೆ, ನಾಲ್ಕನೆಯದು ಮಾರ್ಜಿನ್‌ಗೆ ಹೋಗುತ್ತದೆ. ಸಾಲಾಗಿ ಇಟ್ಟರೆ ಎಷ್ಟಾದರೂ ಬರಲಿ. ಪ್ರತಿವಿಷ ಕೊಟ್ಟದ್ದಕ್ಕೆ ‘ಔಷಧ ನೀಡಿಕೆ’ ಎಂಬ ಪ್ರತ್ಯೇಕ ಟೇಬಲ್: ವೈಲ್ ಎಷ್ಟು, ಬ್ಯಾಚ್, ಶುರುವಾದ ಸಮಯ, ಮುಗಿದ ಸಮಯ. ವೈದ್ಯರು ಬರೆದ ಆದೇಶ ಮತ್ತು ನಿಜಕ್ಕೂ ಕೊಟ್ಟದ್ದು ಎರಡೂ ಒಂದೇ ಸಾಲಾದರೆ ಮುಂದೆ ವಿಚಾರಿಸಲು ಏನೂ ಉಳಿಯುವುದಿಲ್ಲ. ಹಾವಿನ ಜಾತಿಗೆ ‘ಗೊತ್ತಿಲ್ಲ’ ಮತ್ತು ‘ಗುರುತಿಸಿದವರು ಯಾರು’ ಎರಡೂ ಬೇಕು. ಮಲೆನಾಡಿನ ತೋಟದಲ್ಲಿ ಕಚ್ಚುವ ಗುಳಿಮಂಡಲಗಳ ವಿಷಕ್ಕೆ ನಾಗರ, ಕಟ್ಟು, ಕೊಳಕುಮಂಡಲ, ಉರಿಮಂಡಲಗಳಿಗೆಂದು ತಯಾರಾದ ನಮ್ಮ ಪ್ರತಿವಿಷ ನಾಟುವುದಿಲ್ಲ. ಜಾತಿಯ ಕಾಲಂ ಊಹೆಯಿಂದ ತುಂಬಿದರೆ ಪ್ರತಿವಿಷದ ಬಗ್ಗೆ ತಪ್ಪು ತೀರ್ಮಾನ ಬರುತ್ತದೆ.

ಗಂಟೆ ಬೇಕಾದ ಕಡೆ ಟೈಮ್‌ಝೋನ್ ಸಹಿತ ಟೈಮ್‌ಸ್ಟಾಂಪ್, ಬರೀ ದಿನ ಸಾಕಾದ ಕಡೆ (ಜ್ವರ ಶುರುವಾದ ದಿನ) ಬರೀ ದಿನಾಂಕ. ಸರ್ವರ್ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇದ್ದರೆ ಬೆಳಗಿನ 5:30ರೊಳಗೆ ತೆಗೆದ ಸ್ಯಾಂಪಲ್ ಹಿಂದಿನ ದಿನಕ್ಕೆ ಹೋಗುತ್ತದೆ, ಮೇಲೆ ಹೇಳಿದ ‘ನಾಲ್ಕು ದಿನ’ದ ಲೆಕ್ಕ ಸದ್ದಿಲ್ಲದೆ ಒಂದು ದಿನ ಜಾರುತ್ತದೆ. ದಿನಕ್ಕೆ ಇಳಿಸುವ ಮುಂಚೆ ಭಾರತೀಯ ಸಮಯಕ್ಕೆ ತನ್ನಿ.

ಜೂನ್‌ನಿಂದ ಆಗಸ್ಟ್‌ವರೆಗೆ ಘಟ್ಟದ ಮೇಲೆ ಕರೆಂಟು, ನೆಟ್‌ವರ್ಕ್ ಎರಡೂ ಮಳೆಯ ಮರ್ಜಿ. ಆಫ್‌ಲೈನ್ ತುಂಬಿ ಆಮೇಲೆ ಕಳಿಸುವ ವ್ಯವಸ್ಥೆ ಇದ್ದರೆ 1, 2, 3 ಎಂದು ಏರುವ ಐಡಿ ಎರಡು ಟ್ಯಾಬ್ಲೆಟ್‌ಗಳ ನಡುವೆ ಡಿಕ್ಕಿ ಹೊಡೆಯುತ್ತದೆ. ಸಾಧನದಲ್ಲೇ ಯುಯುಐಡಿ (ಎಲ್ಲಿ ಹುಟ್ಟಿದರೂ ಇನ್ನೊಂದರಂತೆ ಆಗದಷ್ಟು ಉದ್ದದ ಐಡಿ) ಹುಟ್ಟಿಸಿ. ಏಳನೇ ಆವೃತ್ತಿಯದ್ದು ಸಮಯದ ಕ್ರಮದಲ್ಲಿ ಇರುವುದರಿಂದ ಇಂಡೆಕ್ಸ್‌ಗೂ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಪಟ್ಟಿ) ಹಗುರ. ‘ಘಟನೆ ನಡೆದದ್ದು’, ‘ಟೈಪ್ ಮಾಡಿದ್ದು’, ‘ಸರ್ವರ್ ತಲುಪಿದ್ದು’ ಮೂರು ಸಮಯ ಇಡಿ. ಟ್ಯಾಬ್ಲೆಟ್‌ನ ಗಡಿಯಾರ ತಪ್ಪಿದ್ದು ಮೂರನೆಯದರಿಂದಲೇ ತಿಳಿಯುವುದು.

ತಿದ್ದುಪಡಿ, ವರದಿ, ಗುಟ್ಟು

ಲ್ಯಾಬ್ ಫಲಿತಾಂಶವನ್ನು ಅಪ್‌ಡೇಟ್ ಮಾಡಬೇಡಿ. ತಿದ್ದಿದ ಫಲಿತಾಂಶ ಹೊಸ ಸಾಲು, ಅದರಲ್ಲಿ ‘ಯಾವುದರ ಬದಲು’ ಎಂಬ ಐಡಿ. ಹಳೆಯದನ್ನು ನೋಡಿ ವೈದ್ಯರು ಔಷಧಿ ಬರೆದಿರುತ್ತಾರೆ, ಏಕೆ ಬರೆದರು ಎಂಬುದಕ್ಕೆ ಸಾಕ್ಷಿ ಅದೇ.

ಸಾಲುಗಳನ್ನು ಮತ್ತೆ ಅಗಲ ಹಾಳೆ ಮಾಡಿ ಕೊಡುವ ವ್ಯೂ (ಉಳಿಸಿಟ್ಟ ಕ್ವೆರಿ) ಬರೆಯುವಾಗ ಎಲ್ಲರೂ ಅತಿ ದೊಡ್ಡ ಮೌಲ್ಯ ಆರಿಸುವ ಮ್ಯಾಕ್ಸ್ ಬಳಸುತ್ತಾರೆ. ಒಂದು ಭೇಟಿಯಲ್ಲಿ ಒಂದೇ ಫಲಿತಾಂಶ ಇರುವವರೆಗೆ ಅದು ಸರಿ. ದಾಖಲಾದ ಡೆಂಗಿ ರೋಗಿಯ ಪ್ಲೇಟ್‌ಲೆಟ್ 140, 90, 45 ಎಂದು ಇಳಿಯುತ್ತಿದ್ದರೆ ಮ್ಯಾಕ್ಸ್ 140 ತೋರಿಸುತ್ತದೆ. ಇತ್ತೀಚಿನದು ಬೇಕೆ, ಕನಿಷ್ಠ ಬೇಕೆ ಎಂದು ಪರೀಕ್ಷೆವಾರು ತೀರ್ಮಾನಿಸಿ, ಸಮಯದ ಪ್ರಕಾರ ಸಾಲಿಗೆ ಸಂಖ್ಯೆ ಕೊಟ್ಟು ಮೊದಲನೆಯದನ್ನು ತೆಗೆಯಿರಿ. ಇದಕ್ಕೆ ಬೇಕಾದ ಇಂಡೆಕ್ಸ್: ರೋಗಿ, ನಿಘಂಟು ಐಡಿ, ಸಮಯ (ಇಳಿಕೆ ಕ್ರಮ). ರೋಗಿ ಐಡಿಯನ್ನು ಫಲಿತಾಂಶದಲ್ಲಿ ಇನ್ನೊಮ್ಮೆ ಇಡುವುದು ಪುನರಾವರ್ತನೆಯೇ, ಆದರೂ ಇಡಿ, ಪ್ರತಿ ಕ್ವೆರಿಯಲ್ಲೂ ಭೇಟಿಯನ್ನು ಜಾಯಿನ್ ಮಾಡುವುದು ತಪ್ಪುತ್ತದೆ. ರೋಗಿ ಮತ್ತು ಭೇಟಿ ತಾಳೆಯಾಗಲು ಇಲ್ಲೂ ಜೋಡಿ ಫಾರಿನ್ ಕೀ ಹಾಕಿ.

ಎಕ್ಸ್‌ರೇ, ಸ್ಕ್ಯಾನ್ ಚಿತ್ರ ಡೇಟಾಬೇಸ್ ಹೊರಗೆ. ಒಳಗೆ ಫೈಲಿನ ದಾರಿ, ಹ್ಯಾಶ್ (ಫೈಲ್ ಬದಲಾಗಿದೆಯೇ ಎಂದು ತಿಳಿಸುವ ಬೆರಳಚ್ಚು), ಸ್ಟಡಿ ಸಂಖ್ಯೆ ಇದ್ದರೆ ಆಯಿತು.

ಹೆಸರು, ಫೋನ್, ವಿಳಾಸ ಇರುವ ಟೇಬಲ್‌ಗಳನ್ನು ಬೇರೆ ಸ್ಕೀಮಾದಲ್ಲಿ (ಟೇಬಲ್‌ಗಳ ಪ್ರತ್ಯೇಕ ಗುಂಪು) ಇಟ್ಟು, ವರದಿ ತೆಗೆಯುವವರಿಗೆ ಅದರ ಅನುಮತಿ ಕೊಡಬೇಡಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂದಿದೆ. ಹೆಸರು ತೆಗೆದರೆ ಸಾಕು ಎಂದುಕೊಳ್ಳುವುದು ಮಲೆನಾಡಿನಲ್ಲಿ ನಡೆಯದು: ಹತ್ತು ಮನೆಯ ಮಜರೆಯಲ್ಲಿ ‘42 ವರ್ಷದ ಮಹಿಳೆ, ಮಂಗನ ಕಾಯಿಲೆ’ ಎಂದರೆ ಯಾರೆಂದು ಊರಿಗೆಲ್ಲ ಗೊತ್ತು. ಹೊರಗೆ ಹೋಗುವ ವರದಿ ಹೋಬಳಿ ಮಟ್ಟಕ್ಕೆ, ವಯಸ್ಸು ಹತ್ತು ವರ್ಷದ ಗುಂಪಿಗೆ ಏರಲಿ.

ಎಲ್ಲ ಕಟ್ಟಿದ ಮೇಲೆ ನಿಜ ದಾಖಲೆ ತುಂಬುವ ಮೊದಲು ಇಪ್ಪತ್ತು ಕಾಲ್ಪನಿಕ ರೋಗಿಗಳನ್ನು ತುಂಬಿ, ಬೇಕೆಂದೇ ಕಿರಿಕಿರಿಯವರನ್ನು ಆರಿಸಿ: ಒಂದೇ ಫೋನಿನ ಮೂವರು, ಹುಟ್ಟಿದ ವರ್ಷ ಅಂದಾಜಾದವರು, ಎರಡು ಸಲ ನೋಂದಣಿಯಾದವರು, ಮೂರನೇ ವಾರ ಜ್ವರ ಮರುಕಳಿಸಿದವರು, ಬೆಳಗಿನ ನಾಲ್ಕಕ್ಕೆ ರಕ್ತ ಕೊಟ್ಟವರು, ಪ್ಲೇಟ್‌ಲೆಟ್ ‘1.2’ ಎಂದು ಚೀಟಿ ತಂದವರು, ಫಲಿತಾಂಶ ತಿದ್ದುಪಡಿಯಾದವರು. ಮೊದಲು ಬರೆದಿಟ್ಟ ಹತ್ತು ಪ್ರಶ್ನೆಗೂ ಉತ್ತರವನ್ನು ಕಾಗದದ ಮೇಲೆ ಕೈಯಲ್ಲಿ ಲೆಕ್ಕ ಹಾಕಿ, ಕ್ವೆರಿ ಕೊಟ್ಟದ್ದರ ಜೊತೆ ತಾಳೆ ನೋಡಿ. ತಾಳೆಯಾಗದ ಪ್ರಶ್ನೆ ಒಂದಿದ್ದರೂ ತಿದ್ದಬೇಕಾದ್ದು ಟೇಬಲ್. ಕ್ವೆರಿಗೆ ತೇಪೆ ಹಾಕಿ ಮುಂದೆ ಹೋದರೆ ಮುಂದಿನ ವರದಿ ಬರೆಯುವವರು ಆ ತೇಪೆ ಗೊತ್ತಿಲ್ಲದೆ ಅದೇ ತಪ್ಪು ಉತ್ತರವನ್ನು ಜಿಲ್ಲೆಗೆ ಕಳಿಸುತ್ತಾರೆ.